ಮುಂಬೈ ಕನ್ನಡಿಗರ ‘ಕಟಿಂಗ್’ ನಿಘಂಟಿಗೆ ಸೇರಬಹುದೇ?

ಅರ್ಧ ಚಹಾಕ್ಕೆ ಮುಂಬೈಯಲ್ಲಿ ಹೇಳುವ ‘ಕಟಿಂಗ್’ ಹಿಂದಿ-ಮರಾಠಿಯವರ ಬೀದಿಮಾತು, ಕನ್ನಡ ನಿಘಂಟಿನಲ್ಲಿ ಅದಕ್ಕೆ ಜಾಗ ಉಂಟೇ ಎಂದು ಕೇಳಿದ್ದೀರಿ. ಉಂಟು, ಆದರೆ ಮೊದಲು ಆಧಾರ ಕೂಡಿಸಬೇಕು.

ಪದಕ್ಕೆ ಕನ್ನಡದ ವಿಭಕ್ತಿ ಹತ್ತುತ್ತದೆಯೇ ನೋಡಿ. ‘ಏಕ್ ಕಟಿಂಗ್ ದೇನಾ’ ಪೂರಾ ಹಿಂದಿ, ಅದು ಲೆಕ್ಕಕ್ಕಿಲ್ಲ. ‘ಈ ಕಟಿಂಗಿಗೆ ಸಕ್ಕರೆ ಜಾಸ್ತಿ ಆಯ್ತು ಮಾರಾಯ’ ಎಂದು ಮಾಟುಂಗಾದಲ್ಲಿ ಯಾರಾದರೂ ಅಂದರೆ ಅದು ಕನ್ನಡದ ಬಳಕೆ. ಒಂದೊಂದು ಬಳಕೆಗೆ ಒಂದು ಚೀಟಿ ಮಾಡಿ: ಪೂರ್ತಿ ವಾಕ್ಯ, ತಾರೀಖು, ಜಾಗ, ಅಚ್ಚಾಗಿದ್ದರೆ ಸಂಚಿಕೆ ಮತ್ತು ಪುಟ. ಒಂದಕ್ಕೊಂದು ಸಂಬಂಧವಿಲ್ಲದ ಕನಿಷ್ಠ 3 ಮೂಲಗಳಿಂದ, ಮೊದಲ ಮತ್ತು ಕೊನೆಯ ಬಳಕೆಯ ನಡುವೆ 5 ವರ್ಷಗಳಾದರೂ ಅಂತರವಿದ್ದು ಸಿಕ್ಕರೆ ನನ್ನ ಮಟ್ಟಿಗೆ ಸಾಕು. ಒಂದೇ ಗೆಳೆಯರ ಗುಂಪಿನ 20 ಚೀಟಿಗಳಿದ್ದರೂ ಅದು ಒಂದೇ ಮೂಲ.

‘ಇಲ್ಲಿ ಇದನ್ನು ಕಟಿಂಗ್ ಎನ್ನುತ್ತಾರೆ’ ಎಂಬಂಥ ವಾಕ್ಯವನ್ನು ಬದಿಗಿಡಿ. ಓದುಗರಿಗೆ ತಿಳಿಯಲಿಕ್ಕಿಲ್ಲ ಎಂದೇ ಬರೆದವರು ವಿವರಿಸಿರುತ್ತಾರೆ. ವಿವರಣೆಯಿಲ್ಲದೆ ಬಂದ ಬಳಕೆಗೇ ತೂಕ. ‘ಕರ್ನಾಟಕ ಮಲ್ಲ’, ‘ಮೊಗವೀರ’ದಂಥ ಮುಂಬೈ ಪತ್ರಿಕೆಗಳ ಕಥೆ, ಹರಟೆಗಳಲ್ಲಿ ಹುಡುಕಿ. ಅಂತರ್ಜಾಲದಲ್ಲಿ ಬರೀ ‘ಕಟಿಂಗ್’ ಎಂದು ಹುಡುಕಿದರೆ ಕ್ಷೌರದಂಗಡಿಯೇ ಮೊದಲು ಸಿಗುತ್ತದೆ. ‘ಎರಡು ಕಟಿಂಗ್’, ‘ಕಟಿಂಗ್ ಕುಡಿದು’ ಎಂದು ಜೋಡಿಪದ ಕೊಡಿ.

ಹೆಚ್ಚು ಜನ ಎಡವುವುದು ಅರ್ಥ ಬರೆಯುವಾಗ. ‘ಚಹಾ’ ಎಂದರೆ ತೀರಾ ಅಗಲವಾಯಿತು. ‘ಇಬ್ಬರು ಹಂಚಿಕೊಂಡ ಚಹಾ’ ಎಂದರೂ ತಪ್ಪು, ಅದು ಬೆಂಗಳೂರಿನ ಬೈಟು. ಬೈಟುವಿಗೆ ಇಬ್ಬರು ಬೇಕು. ಕಟಿಂಗನ್ನು ಒಬ್ಬರೇ ನಿಂತು ಕುಡಿದು ಹೋಗಬಹುದು. ಈ ಒಂದು ವ್ಯತ್ಯಾಸವೇ ಅದಕ್ಕೆ ಸ್ವಂತ ಅರ್ಥವಿದೆ ಎಂಬುದಕ್ಕೆ ಸಾಕ್ಷಿ. ಚೀಟಿಗಳಲ್ಲಿ ‘ಕಟಿಂಗ್ ಕಾಫಿ’ಯೂ ಕಂಡರೆ ಅರ್ಥವನ್ನು ಚಹಾದಿಂದ ‘ಅರ್ಧ ಅಳತೆ’ಯ ಕಡೆಗೆ ತಿರುಗಿಸಬೇಕಾಗುತ್ತದೆ.

ಇದು ಪ್ರಾದೇಶಿಕ ಎಂಬುದು ಬಿಟ್ಟುಬಿಡಲು ಕಾರಣವಾಗದು. 1894ರ ಕಿಟೆಲ್ ಕೋಶವೇ ಮೈಸೂರಿನ ಮಾತು, ದಕ್ಷಿಣ ಮರಾಠಾ ಸೀಮೆಯ (ಧಾರವಾಡ, ಬೆಳಗಾವಿ ಕಡೆಯ) ಮಾತು ಎಂದು ಗುರುತು ಹಾಕಿ ಪದಗಳನ್ನು ಕೊಟ್ಟಿದೆ. ನೀವೂ ಹಾಗೇ ಮಾಡಿ. ಕ್ಷೌರದ ಅರ್ಥ 1 ಆಗಿರಲಿ, ಕೆಳಗೆ ಹೀಗೆ:

2. (ಮುಂಬೈ, ಆಡುಮಾತು) ಸಣ್ಣ ಗ್ಲಾಸಿನಲ್ಲಿ ಕೊಡುವ ಅರ್ಧ ಅಳತೆಯ ಚಹಾ. ‘ಎರಡು ಕಟಿಂಗ್ ಹೇಳು.’