‘ಅವನೇ ಒಪ್ಪಿದ್ದಾನೆ’ ಅಂದರೆ ಸಾಲದು

ಪುಣೆಯ ಕಾರ್ಖಾನೆಗಳಲ್ಲಿ ಸುರಕ್ಷತಾ ಅಧಿಕಾರಿಯಾಗಿ ಕೆಲಸ ಮಾಡಿದವನು ನಾನು. ಇಲ್ಲಿನ ಕನ್ನಡದ ಸೂಪರ್‌ವೈಸರ್‌ಗಳು, ಮ್ಯಾನೇಜರ್‌ಗಳು ಯಾರಿಗೆ ಯಾವ ಕೆಲಸ ಹೇಳಬೇಕು ಅಂತ ಕೇಳುತ್ತಿರುತ್ತಾರೆ. ಅದರಲ್ಲಿ ಒಂದು ಪ್ರಶ್ನೆ ಮಾತ್ರ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ಭೋಸರಿಯ ಸಣ್ಣ ಕಾರ್ಖಾನೆಯಲ್ಲಿ ಮ್ಯಾನೇಜರ್ ಆಗಿದ್ದೇನೆ. ಸೆಪ್ಟಿಕ್ ಟ್ಯಾಂಕನ್ನು ಗಾಡಿಯವರು ಖಾಲಿ ಮಾಡಿದರು, ಆದರೆ ತಳದಲ್ಲಿ ಗಟ್ಟಿ ಕೆಸರು ಉಳಿದಿದೆ. ನಮ್ಮ ಇಂಡಿ ಕಡೆಯ ಹುಡುಗನೊಬ್ಬ ಎರಡು ಸಾವಿರ ಜಾಸ್ತಿ ಕೊಟ್ಟರೆ ಇಳಿಯುತ್ತೇನೆ ಅಂದಿದ್ದಾನೆ. ಬಲವಂತ ಮಾಡಿಲ್ಲ. ಅವನಿಂದ ಬರೆಸಿಕೊಂಡರೆ ಸಾಕಲ್ವಾ?

ಸಾಲದು. ಅವನನ್ನು ಇಳಿಸಬೇಡಿ.

ಅವನು ಒಪ್ಪಿದ್ದಾನೆ ಅನ್ನುತ್ತೀರಿ. ಅವನಿಗೆ ಕೆಲಸ ಕೊಡಿಸಿದವರು ಯಾರು? ನೀವೇ ಇರಬೇಕು. ಊರಲ್ಲಿ ಅವನ ಅವ್ವ ನಿಮ್ಮ ಹೆಸರು ಹೇಳಿ ಕೈಮುಗಿಯುತ್ತಿರಬೇಕು. ಅಂಥ ಹುಡುಗ ನಿಮ್ಮ ಮುಖ ನೋಡಿ ‘ಆಯ್ತು ಅಣ್ಣಾ’ ಅನ್ನದೆ ಇನ್ನೇನು ಹೇಳುತ್ತಾನೆ? ‘ಆಗಲ್ಲ’ ಅಂದರೂ ನಾಳೆ ಅದೇ ಪಾಳಿ, ಅದೇ ಪಗಾರ ಇರುತ್ತದೆ ಅಂತ ಅವನಿಗೆ ಖಾತ್ರಿ ಇದ್ದರೆ ಮಾತ್ರ ಅದು ಒಪ್ಪಿಗೆ. ಇನ್ನೊಂದು ಮಾತು. ಟ್ಯಾಂಕ್ ಅಂದ ಕೂಡಲೇ ನಿಮಗೆ ಅವನೇ ಯಾಕೆ ನೆನಪಾದ? ಲೇತ್ ಮೇಲಿರುವ ಹುಡುಗನನ್ನು ಕೇಳಿದ್ರಾ? ಅಕೌಂಟ್ಸ್‌ನವರನ್ನು? ಜಾತಿ ನೋಡಿ ಹೊಲಸು ಕೆಲಸ ಹಂಚುವುದು ನಮ್ಮಲ್ಲಿ ಹಳೇ ಚಾಳಿ. ಅದನ್ನು ‘ಅವನಿಗೆ ಅಭ್ಯಾಸ ಇದೆ’ ಅಂತ ಮುಚ್ಚಿಡುತ್ತೇವೆ.

ಕಾನೂನು ಬೇಕಾದರೆ ಕೇಳಿ. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯಲ್ಲಿ, ರಕ್ಷಣಾ ಸಾಧನ ಮತ್ತು ಮುನ್ನೆಚ್ಚರಿಕೆ ಇಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನು ಇಳಿಸುವುದು ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಆಳು ಒದಗಿಸುವ ಮುಕಾದಮನ ಮೂಲಕ ಇಳಿಸಿದರೂ ಅಷ್ಟೇ. ಒಳಚರಂಡಿಯಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ನೀವು ಬರೆಸಿಕೊಂಡ ಚೀಟಿ ನಿಮ್ಮನ್ನು ಕಾಯುವುದಿಲ್ಲ. ಅಪಾಯ ಗೊತ್ತಿದ್ದೂ ಇಳಿಸಿದಿರಿ ಅನ್ನುವುದಕ್ಕೆ ಅದೇ ಸಾಕ್ಷಿ.

ಖಾಲಿ ಟ್ಯಾಂಕ್ ನೋಡಿದರೆ ಭಯ ಆಗುವುದಿಲ್ಲ, ಮೋಸ ಇರುವುದೇ ಅಲ್ಲಿ. ಉಳಿದ ಕೆಸರನ್ನು ಸಲಿಕೆಯಿಂದ ಕೆದಕಿದ ಕೂಡಲೇ ಅದರೊಳಗೆ ಸಿಕ್ಕಿಕೊಂಡ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷಗಾಳಿ ಬಿಡುಗಡೆ ಆಗುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು) ದಾಟಿದರೆ ಮೂಗು ಸತ್ತುಹೋಗುತ್ತದೆ, ವಾಸನೆಯೇ ಗೊತ್ತಾಗುವುದಿಲ್ಲ. ‘ಈಗ ವಾಸನೆ ಇಲ್ಲ’ ಅಂತ ಖುಷಿಪಡುವ ಹೊತ್ತಿಗೆ ಮನುಷ್ಯ ಬೀಳುವ ಹಂತದಲ್ಲಿರುತ್ತಾನೆ.

ಮೇಣದಬತ್ತಿ ಇಳಿಸಿ ನೋಡುವ ಜಾಣರಿದ್ದಾರೆ. ಬತ್ತಿ ಉರಿಯುತ್ತಿದ್ದರೂ ಕೊಲ್ಲುವಷ್ಟು ವಿಷಗಾಳಿ ಅಲ್ಲಿ ಇರಬಹುದು. ಮಿಥೇನ್ ಇದ್ದರೆ ಬೆಂಕಿಯೇ ಹತ್ತಿಕೊಳ್ಳುತ್ತದೆ. ಒದ್ದೆ ಕರ್ಚೀಫ್ ಗಾಳಿಯನ್ನು ಸೋಸುವುದಿಲ್ಲ. ಇಳಿಯುವ ಮೊದಲು ಒಂದು ಕ್ವಾರ್ಟರ್ ಕುಡಿಸುವ ಠೇಕೇದಾರರಿಗಂತೂ ನಾನು ಗೇಟಿನೊಳಗೆ ಕಾಲಿಡಲು ಬಿಡುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಒಬ್ಬನನ್ನು ‘ಎರಡೇ ನಿಮಿಷ’ ಅಂತ ಇಳಿಸಿದ್ದೆ. ಒಳಗೆ ಕುಸಿದ. ಅವನನ್ನು ಎತ್ತಲು ಅವನ ತಮ್ಮ ಏಣಿಗೆ ಕಾಲಿಟ್ಟ. ತಮ್ಮನನ್ನು ಹಿಡಿದು ನಿಲ್ಲಿಸಿದೆವು, ಸೊಂಟಕ್ಕೆ ಹಗ್ಗ ಇದ್ದಿದ್ದಕ್ಕೆ ಅಣ್ಣನನ್ನು ಮೇಲಿಂದಲೇ ಎಳೆದೆವು. ಇಬ್ಬರೂ ಬದುಕಿದರು. ಇಂಥ ಜಾಗಗಳಲ್ಲಿ ಸತ್ತವರಲ್ಲಿ 100ಕ್ಕೆ 60ಕ್ಕೂ ಹೆಚ್ಚು ಜನ ಉಳಿಸಲು ಹೋದವರು ಅಂತ ಕೆಲಸದ ಜಾಗದ ಸುರಕ್ಷತೆ ಕುರಿತು ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ಅದನ್ನು ನಾನು ಓದಿದ್ದು ಆಮೇಲೆ. ಆ ತಮ್ಮನ ಕಾಲು ಏಣಿಯ ಮೇಲಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ನೀವು ಮಾಡಬೇಕಾದದ್ದು ಇಷ್ಟು. ಜೆಟ್ಟಿಂಗ್ ಗಾಡಿ ಕರೆಸಿ, ನೀರಿನ ಒತ್ತಡದಿಂದ ಕೆಸರನ್ನು ಸಡಿಲ ಮಾಡಿಸಿ, ಮತ್ತೆ ಎಳೆಸಿ. ಮಾಲೀಕರು ಖರ್ಚು ಜಾಸ್ತಿ ಅಂದರೆ, ಮನುಷ್ಯನನ್ನು ಇಳಿಸಿ ಅಂತ ಅವರೇ ಬರೆದುಕೊಡಲಿ ಅನ್ನಿ. ಬರೆದುಕೊಡುವುದಿಲ್ಲ. ಕೊಟ್ಟರೂ ಇಳಿಸಬೇಡಿ. ಗಾಡಿ ಬರುವವರೆಗೆ ಮುಚ್ಚಳಕ್ಕೆ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿರಲಿ. ಹುಡುಗನಿಗೆ ಎರಡು ಸಾವಿರದ ಅಡಚಣೆ ಇದ್ದರೆ ಬೇರೆ ಓವರ್‌ಟೈಮ್ ಕೊಡಿ.

ಪ್ರಶ್ನೆ: ಗ್ರೈಂಡಿಂಗ್ ಧೂಳಿನಲ್ಲಿ ಕೆಲಸ ಮಾಡುವವರಿಗೆ ದಿನಾ ಬೆಲ್ಲ ಕೊಡುತ್ತೇವೆ. ಸಾಕಲ್ವಾ?

ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಧೂಳು ಎಳೆಯುವ ಫ್ಯಾನ್ ಹಾಕಿಸಿ, ಸರಿಯಾದ ಮಾಸ್ಕ್ ಕೊಡಿ.

ಪ್ರಶ್ನೆ: ಮದುವೆ ಆಗದವರಿಗೇ ರಾತ್ರಿ ಪಾಳಿ ಹಾಕುತ್ತೇನೆ. ತಪ್ಪಾ?

ತಪ್ಪು. ಅವರ ಮನೆಯಲ್ಲೂ ವಯಸ್ಸಾದವರಿದ್ದಾರೆ. ಸರದಿ ಮಾಡಿ, ಪಟ್ಟಿಯನ್ನು ಗೋಡೆಗೆ ಅಂಟಿಸಿ.

ಪ್ರಶ್ನೆ: ಸಾಹೇಬರ ಮನೆಯ ಗಣಪತಿ ಕೆಲಸಕ್ಕೆ ಪ್ಯಾಕಿಂಗ್ ಹುಡುಗರನ್ನು ಕಳಿಸಬಹುದಾ?

ಬೇಡ. ಹಾಜರಿ ಪುಸ್ತಕದಲ್ಲಿ ಅವರು ಕಾರ್ಖಾನೆಯಲ್ಲಿರುತ್ತಾರೆ. ಅಲ್ಲಿ ಮಂಟಪ ಕಟ್ಟುವಾಗ ಒಬ್ಬ ಬಿದ್ದು ಕಾಲು ಮುರಿದುಕೊಂಡರೆ ಅಪಘಾತದ ರಿಜಿಸ್ಟರಿನಲ್ಲಿ ಏನು ಬರೆಯುತ್ತೀರಿ?