ನಮ್ಮ ಸೀನಿಯರ್ ವಕೀಲರು ಆಫೀಸಿಗೆ ಎಐ ಟೂಲ್ ಕೊಳ್ಳಬೇಕು ಅಂತಿದ್ದಾರೆ. ಸುಳ್ಳು ಸೈಟೇಶನ್, ಅಂದರೆ ಇಲ್ಲದ ತೀರ್ಪಿನ ಉಲ್ಲೇಖ, ಕೊಡದಿರುವುದು ಯಾವುದು?

ನೀವು ಕೇಳಿದ ಈ ಪ್ರಶ್ನೆ ನನಗೂ ಇತ್ತು. ನಾನು ತಾಲ್ಲೂಕು ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುವವನು.

ಒಬ್ಬ ಹೆಣ್ಣುಮಗಳು ತವರಿನ ಜಮೀನಿನಲ್ಲಿ ಪಾಲು ಕೇಳಿ ದಾವೆ ಹಾಕಿದ್ದರು. ಅಪ್ಪ ಇದ್ದಾಗಲೇ ಬಾಯಿಮಾತಿನಲ್ಲಿ ಪಾಲಾಗಿದೆ ಅಂತ ಅಣ್ಣತಮ್ಮಂದಿರ ವಾದ. ಜಮೀನು ಮಾರದಂತೆ ತಡೆಯಾಜ್ಞೆ ಬೇಕಿತ್ತು. ಎಐ ಕೇಳಿದೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಸಮಪಾಲು ಎಂದ ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನ ಪ್ರಕಾರ ಬಾಯಿಮಾತಿನ ವಿಭಾಗ ನಡೆಯುವುದೇ ಇಲ್ಲ ಎಂದಿತು. ಸುಳ್ಳು ಸೈಟೇಶನ್ ಭಯ ಇದ್ದಿದ್ದರಿಂದ ತೀರ್ಪಿನ ಹೆಸರು, ತಾರೀಕು, ಪೀಠ ಎಲ್ಲಾ ತಾಳೆ ನೋಡಿದೆ. ಎಲ್ಲಾ ಸರಿ ಇತ್ತು. ಅಲ್ಲಿಗೇ ನಿಲ್ಲಿಸಿದೆ.

ನಾನು ತಪ್ಪಿದ್ದು ಇಲ್ಲೇ. ತೀರ್ಪು ಇದೆಯಾ ಅಂತ ನೋಡಿದೆನೇ ಹೊರತು 129ನೇ ಪ್ಯಾರಾ ತೆಗೆದು ಓದಲಿಲ್ಲ. ಬರೀ ಬಾಯಿಮಾತಿನ ಸಾಕ್ಷ್ಯ ಸಾಲದು ಅಂತ ಅಲ್ಲಿದೆ, ನಿಜ. ಆದರೆ ಅದರ ಜೊತೆಗೇ ಒಂದು ವಿನಾಯಿತಿಯೂ ಇದೆ. ಸರ್ಕಾರಿ ದಾಖಲೆಗಳ ಬೆಂಬಲ ಇದ್ದು, ಕೋರ್ಟಿನ ಡಿಕ್ರಿಯಿಂದ ಆದಷ್ಟೇ ಖಚಿತವಾಗಿ ವಿಭಾಗ ಕಂಡುಬಂದರೆ, ಅಪರೂಪದ ಕೇಸುಗಳಲ್ಲಿ ಒಪ್ಪಬಹುದು. ಎಐ ಆ ವಾಕ್ಯವನ್ನೇ ನುಂಗಿತ್ತು. ಎದುರು ವಕೀಲರು ಅದನ್ನೇ ಓದಿ, ಹಳೇ ಮ್ಯುಟೇಶನ್ನು (ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ), ಅಣ್ಣತಮ್ಮಂದಿರ ಹೆಸರಿಗೆ ಬೇರೆ ಬೇರೆಯಾಗಿದ್ದ ಪಹಣಿ ಮುಂದಿಟ್ಟರು. ಮ್ಯುಟೇಶನ್ ಇರುವುದು ಕಂದಾಯಕ್ಕೆ, ಅದರಿಂದ ಹಕ್ಕು ಬರುವುದಿಲ್ಲ ಅಂತ ವಾದಿಸಬಹುದಿತ್ತು. ನಾನು ತಯಾರಾಗಿಯೇ ಹೋಗಿರಲಿಲ್ಲ. ತಡೆಯಾಜ್ಞೆ ಸಿಗಲಿಲ್ಲ. ಜಮೀನಿನ ಒಂದು ಭಾಗ ಮಾರಾಟವಾಯಿತು. ಕೊಂಡವರನ್ನೂ ಪಾರ್ಟಿ ಮಾಡಬೇಕಾಯಿತು. ಆ ಅಕ್ಕ ಇನ್ನೂ ವಾಯಿದೆಗೆ ಅಲೆಯುತ್ತಿದ್ದಾರೆ.

ಹಾಗಾಗಿ ನೀವು ಹುಡುಕುತ್ತಿರುವುದೇ ಬೇರೆ ಕಡೆ ಅನ್ನಿಸುತ್ತೆ. ಇಲ್ಲದ ತೀರ್ಪು ಹೇಗೂ ಸಿಕ್ಕಿಬೀಳುತ್ತೆ. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಒಂದು ಆದೇಶದಲ್ಲೂ ಅಂಥವು ನುಸುಳಿದ್ದವು, ಕೆಲವೇ ದಿನಗಳಲ್ಲಿ ಆದೇಶ ವಾಪಸಾಯಿತು. ಇರುವ ತೀರ್ಪನ್ನೇ ಅರ್ಧ ಹೇಳಿದರೆ ಹುಡುಕಿ ನೋಡಿದರೂ ಗೊತ್ತಾಗಲ್ಲ, ಅಲ್ವಾ? ವಕೀಲರಿಗೆಂದೇ ಮಾಡಿದ ದುಬಾರಿ ಟೂಲ್‌ಗಳೂ ಇದಕ್ಕೆ ಹೊರತಲ್ಲ. 2024ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಅಮೆರಿಕದ ಅಂಥ ಟೂಲ್‌ಗಳನ್ನು ಪರೀಕ್ಷಿಸಿದಾಗ, ಆರು ಪ್ರಶ್ನೆಗಳಲ್ಲಿ ಒಂದಕ್ಕಾದರೂ ತಪ್ಪು ಉತ್ತರ ಬಂದಿತ್ತು. ಇವು ಮುಂದೆ ಬರಬಹುದಾದ ಪದವನ್ನು ಊಹಿಸುತ್ತಾ ಹೋಗುತ್ತವೆ. 'ಆದರೆ' ಅಂತ ಶುರುವಾಗುವ ವಾಕ್ಯ ನಮಗೆ ಎಷ್ಟು ಮುಖ್ಯ ಅನ್ನುವುದು ಅವಕ್ಕೆ ಗೊತ್ತಿಲ್ಲ.

ಎಐ ಬೇಡ ಅಂತಿಲ್ಲ. ದಪ್ಪ ಫೈಲಿನಿಂದ ತಾರೀಕುಗಳ ಪಟ್ಟಿ ಮಾಡಲು, ಪಾಟೀಸವಾಲಿಗೆ ಪ್ರಶ್ನೆ ಹೊಳೆಸಲು ನಾನು ಇವತ್ತಿಗೂ ಬಳಸುತ್ತೇನೆ. ತೀರ್ಪು ಮಾತ್ರ ಸುಪ್ರೀಂ ಕೋರ್ಟಿನ ತೀರ್ಪುಗಳ ಜಾಲತಾಣ ಇ-ಎಸ್‌ಸಿಆರ್‌ನಿಂದ ಇಳಿಸಿಕೊಂಡು ನೀವೇ ಓದಿ, ಅದು ಉಚಿತ. ಆಮೇಲೆ ಎದುರು ವಕೀಲರು ಇದೇ ತೀರ್ಪನ್ನು ನಮ್ಮ ವಿರುದ್ಧ ಹೇಗೆ ಬಳಸಬಹುದು ಅಂತ ಎಐಗೆ ಕೇಳಿ. ಆ ಕೆಲಸದಲ್ಲಿ ಅದು ನಿಜಕ್ಕೂ ಚುರುಕು.