ಓದುಗರ ಪ್ರಶ್ನೆ, ನಮ್ಮ ಉತ್ತರ: ಅಮೆರಿಕದ ದಕ್ಷಿಣ ಸೀಮೆಯ ಹೆಂಗಸರ ಟೀ ಕೂಟ

ಜಾರ್ಜಿಯಾ, ಕೆರೊಲಿನಾ, ಟೆನೆಸಿ, ಅಲಬಾಮಾ ಕಡೆ ನೆಲೆಸಿರುವ ಕನ್ನಡಿಗರಿಂದ ಈ ಸಲ ಒಂದೇ ವಿಷಯದ ಮೇಲೆ ಪತ್ರಗಳು ಬಂದಿವೆ. ಬ್ರೈಡಲ್ ಶವರ್ (ಮದುವೆಗೆ ಮುಂಚೆ ಮದುಮಗಳಿಗೆ ಮಾಡುವ ಉಡುಗೊರೆ ಕೂಟ), ಬೇಬಿ ಶವರ್, ಈಸ್ಟರ್, ಮದರ್ಸ್ ಡೇ, ಇಲ್ಲವೇ ಬರೀ ನೆರೆಹೊರೆಯ ಸ್ನೇಹ, ಹೀಗೆ ಯಾವುದೋ ಒಂದು ನೆಪದಲ್ಲಿ ಅಲ್ಲಿನ ಹೆಂಗಸರು ಮಧ್ಯಾಹ್ನ ಮನೆಯಲ್ಲೇ ಮಾಡಿದ ತಿನಿಸಿಟ್ಟು ಟೀಗೆ ಕರೆಯುತ್ತಾರೆ. ಹೋಗಿ ಉಂಡು ಬಂದವರಿಗೆ ಈಗ ತಿರುಗಿ ಕರೆಯುವ ಸರದಿ.

ಹನ್ನೆರಡು ಜನ ನೆರೆಯವರನ್ನು ಕರೆಯಬೇಕೆಂದಿದ್ದೇನೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಏನೇನು, ಎಷ್ಟೆಷ್ಟು ಮಾಡಲಿ? (ಓದುಗರೊಬ್ಬರು, ಅಟ್ಲಾಂಟಾ)

ಎರಡರಿಂದ ನಾಲ್ಕು ಗಂಟೆಯವರೆಗೆ ಅಂತ ಆಹ್ವಾನದಲ್ಲೇ ಬರೆಯಿರಿ. ಬರುವವರು ಊಟ ಮುಗಿಸಿ ಬಂದಿರುತ್ತಾರೆ, ಹೊಟ್ಟೆ ತುಂಬಿಸುವ ಹೊಣೆ ನಿಮ್ಮದಲ್ಲ. ತಲಾ ಆರು ತುಂಡು ಸ್ಯಾಂಡ್‌ವಿಚ್, ಎರಡು ಪುಟ್ಟ ಬಿಸ್ಕಿಟ್ (ನಮ್ಮ ಬಿಸ್ಕತ್ತಲ್ಲ, ಅಲ್ಲಿನ ಮೆತ್ತನೆಯ ಉಬ್ಬಿದ ಪುಟ್ಟ ಬನ್), ಮೂರು ಚೀಸ್ ಸ್ಟ್ರಾ (ಚೀಸ್ ಬೆರೆಸಿ ಒತ್ತಿ ಬೇಯಿಸಿದ ಖಾರದ ಕಡ್ಡಿ), ಮೂರು ಸಿಹಿ ತುಂಡು ಸಾಕು. ಒಂದು ಜೋಡಿ ಬ್ರೆಡ್‌ನಿಂದ ಮೂರು ಉದ್ದ ತುಂಡು ಬರುತ್ತವೆ. ಹಾಗಾಗಿ 72 ತುಂಡಿಗೆ 48 ಹೋಳು ಬೇಕು, ತುದಿಯ ಹೋಳುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ತಣ್ಣನೆಯ ಸಿಹಿ ಟೀ ಒಂದು ಗ್ಯಾಲನ್, ಸಿಹಿಯಿಲ್ಲದ್ದು ಅರ್ಧ ಗ್ಯಾಲನ್, ಐಸ್ ಐದರಿಂದ ಆರು ಕಿಲೋ. ಐಸ್ ಕಡಿಮೆ ಬೀಳುವಷ್ಟು ಬೇರೇನೂ ಕಡಿಮೆ ಬೀಳುವುದಿಲ್ಲ.

ಅಲ್ಲಿನವರು ಚಿಕನ್ ಸಲಾಡ್, ಡೆವಿಲ್ಡ್ ಎಗ್ ಇಡುತ್ತಾರೆ. ನೀವು ಇಡದಿದ್ದರೆ ಯಾರೂ ಕೊರತೆ ಎನ್ನುವುದಿಲ್ಲ, ಏಕೆಂದರೆ ಆ ಮೇಜಿನ ಅರ್ಧ ತಿಂಡಿ ಹೇಗೂ ಸಸ್ಯಾಹಾರಿಯೇ. ಎಚ್ಚರ ಬೇಕಾದದ್ದು ಕಣ್ಣಿಗೆ ಕಾಣದ ಕಡೆ. ಮೇಯನೇಸ್‌ನಲ್ಲಿ ಮೊಟ್ಟೆಯ ಹಳದಿ ಇದೆ. 1917ರಲ್ಲಿ ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ ಯೂಜೀನಿಯಾ ಡ್ಯೂಕ್ ಸೈನಿಕರಿಗೆ ಸ್ಯಾಂಡ್‌ವಿಚ್ ಮಾರುತ್ತಾ ಹೆಸರು ಮಾಡಿದ, ಅಲ್ಲಿನವರು ಬಹಳ ನೆಚ್ಚುವ ಡ್ಯೂಕ್ಸ್ ಮೇಯನೇಸ್‌ನಲ್ಲೂ ಇದೆ. ವೂಸ್ಟರ್‌ಶೈರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ. ಬಣ್ಣಬಣ್ಣದ ಜೆಲ್ಲಿ ಸಲಾಡ್, ಮಾರ್ಷ್‌ಮೆಲ್ಲೊ ಎರಡರಲ್ಲೂ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್. ಚೆಡ್ಡರ್ ಕೊಳ್ಳುವಾಗ ಚೀಟಿಯ ಮೇಲೆ ಮೈಕ್ರೋಬಿಯಲ್ ಅಥವಾ ವೆಜಿಟೇರಿಯನ್ ರೆನೆಟ್ (ಹಾಲನ್ನು ಗಟ್ಟಿಮಾಡುವ ಅಂಶ, ಕರುವಿನ ಹೊಟ್ಟೆಯಿಂದ ತೆಗೆದದ್ದೂ ಇರುತ್ತದೆ) ಅಂತ ಇದೆಯೇ ನೋಡಿ. ಬರೀ ಎನ್‌ಝೈಮ್ ಅಂತಿದ್ದರೆ ಮೂಲ ಯಾವುದೆಂದು ತಿಳಿಯುವುದಿಲ್ಲ.

ಅಲ್ಲಿನವರ ಪ್ರಾಣವಾದ, ಪಿಮೆಂಟೊ ಎಂಬ ಖಾರವಿಲ್ಲದ ಕೆಂಪು ಮೆಣಸಿನಕಾಯಿ ಬೆರೆತ ಪಿಮೆಂಟೊ ಚೀಸ್ ಅನ್ನು ಮೊಟ್ಟೆಯಿಲ್ಲದೆ ಹೀಗೆ ಮಾಡಿ: ನೀವೇ ತುರಿದ 225 ಗ್ರಾಂ ಶಾರ್ಪ್ ಚೆಡ್ಡರ್, ಮೆತ್ತಗಾದ 115 ಗ್ರಾಂ ಕ್ರೀಮ್ ಚೀಸ್, ಎರಡು ಚಮಚ ಗಟ್ಟಿ ಮೊಸರು, ನೀರು ಪೂರ್ತಿ ಬಸಿದು ಒರೆಸಿದ ಒಂದು ಪುಟ್ಟ ಜಾಡಿ ಪಿಮೆಂಟೊ, ಚಿಟಿಕೆ ಖಾರದ ಪುಡಿ. ತುರಿದೇ ಬರುವ ಪ್ಯಾಕೆಟ್ ಚೀಸ್ ಬೇಡ. ಅಂಟದಿರಲೆಂದು ಅದಕ್ಕೆ ಪಿಷ್ಟ ಸವರಿರುತ್ತಾರೆ, ಎಷ್ಟು ಕಲಸಿದರೂ ಮರಳು ಮರಳಾಗಿ ಉಳಿಯುತ್ತದೆ. ಸಿಹಿಗೆ ಪೀಕನ್ (ಅಕ್ರೋಟಿನಂಥ ಬೀಜ) ಬೆಣ್ಣೆ ಬಿಸ್ಕತ್ತು: 225 ಗ್ರಾಂ ಬೆಣ್ಣೆ, ಅರ್ಧ ಕಪ್ ಸಕ್ಕರೆ ಪುಡಿ, ಎರಡು ಕಪ್ ಮೈದಾ, ಒಂದು ಕಪ್ ಸಣ್ಣಗೆ ಕೊಚ್ಚಿದ ಪೀಕನ್. ನಿಂಬೆ ಗಾತ್ರಕ್ಕಿಂತ ಚಿಕ್ಕ ಉಂಡೆ ಕಟ್ಟಿ 165 ಡಿಗ್ರಿ ಸೆಲ್ಸಿಯಸ್‌ನಲ್ಲಿ 18ರಿಂದ 20 ನಿಮಿಷ.

ನಮ್ಮ ಕಡೆಯ ತಿಂಡಿ ಇಡಬೇಕೆಂದಿದ್ದರೆ ಒಂದೇ ಇಡಿ, ಅದೂ ಒಣ ತಿಂಡಿ. ರೂಪಾಯಿ ಅಗಲದ ನಿಪ್ಪಟ್ಟು ಚೆನ್ನಾಗಿ ಹೊಂದುತ್ತದೆ. ಅಲರ್ಜಿ ಇರುವವರಿಗಾಗಿ, ಕಡಲೆಕಾಯಿ ಇದೆ ಎಂದು ಚೀಟಿ ಬರೆದಿಡುವುದನ್ನು ಮರೆಯಬೇಡಿ. ಬಜ್ಜಿ, ಬೋಂಡಾ ಬೇಡವೇ ಬೇಡ. ಎಣ್ಣೆಯಾದ ಕೈಗೂ ಬಿಳಿ ಲಿನನ್ ನ್ಯಾಪ್‌ಕಿನ್‌ಗೂ ಆಗಿಬರುವುದಿಲ್ಲ.

ಸೌತೆಕಾಯಿ ಸ್ಯಾಂಡ್‌ವಿಚ್ ಒಂದು ಗಂಟೆಯೊಳಗೆ ಮುದ್ದೆಯಾಗುತ್ತದೆ, ಅಂಚು ಮಾತ್ರ ಒಣಗಿ ಮೇಲೇಳುತ್ತದೆ. ಎರಡೂ ಒಟ್ಟಿಗೆ ಹೇಗೆ? (ರಾಲೇ, ನಾರ್ತ್ ಕೆರೊಲಿನಾ)

ಒಳಗಿನ ನೀರು ಬ್ರೆಡ್‌ಗೆ ಇಳಿಯುತ್ತಿದೆ, ಬ್ರೆಡ್‌ನ ತೇವ ಗಾಳಿಗೆ ಹೋಗುತ್ತಿದೆ. ಎರಡನ್ನೂ ಬೇರೆಬೇರೆಯಾಗಿ ತಡೆಯಬೇಕು.

ಬೀಜ ಕಡಿಮೆಯಿರುವ ಉದ್ದನೆಯ ಇಂಗ್ಲಿಷ್ ಸೌತೆಕಾಯಿಯನ್ನು ಎರಡು ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ. ಎರಡು ಕಾಯಿಗೆ ಅರ್ಧ ಚಮಚ ಉಪ್ಪು ಸವರಿ ಜರಡಿಯಲ್ಲಿ ಅರ್ಧ ಗಂಟೆ ಬಿಡಿ. ಕೆಳಗಿನ ಬಟ್ಟಲಲ್ಲಿ ನೀರು ನಿಂತಿರುವುದು ಕಾಣುತ್ತದೆ. ನಂತರ ಬಟ್ಟೆಯ ಮೇಲೆ ಹರಡಿ ಒತ್ತಿ ಒರೆಸಿ, ತೊಳೆಯಬೇಡಿ. ಬ್ರೆಡ್‌ನ ಎರಡೂ ಒಳಮೈಗೆ ಮೆತ್ತಗಿನ ಬೆಣ್ಣೆಯನ್ನು ಅಂಚಿನವರೆಗೂ ತೆಳ್ಳಗೆ ಹಚ್ಚಿ. ಇದು ರುಚಿಗಲ್ಲ, ನೀರಿಗೆ ಅಡ್ಡಗೋಡೆ. ಅದರ ಮೇಲೆ ಸಬ್ಬಸಿಗೆ ಸೊಪ್ಪು, ನಾಲ್ಕು ಹನಿ ನಿಂಬೆರಸ ಬೆರೆಸಿದ ಕ್ರೀಮ್ ಚೀಸ್, ಆಮೇಲೆ ಸೌತೆ. ಉಪ್ಪು ಆಗಲೇ ಸೇರಿದೆ, ಕ್ರೀಮ್ ಚೀಸ್‌ಗೆ ಮತ್ತೆ ಹಾಕಿದರೆ ಕೆಡುತ್ತದೆ.

ಅಂಚು ಕತ್ತರಿಸುವುದು ಹೂರಣ ತುಂಬಿದ ಮೇಲೆ, ಗರಗಸದ ಚಾಕುವಿನಿಂದ, ಪ್ರತಿ ಸಲ ಅಲಗು ಒರೆಸಿಕೊಂಡು. ಮೊದಲೇ ಕತ್ತರಿಸಿದರೆ ಬೆಣ್ಣೆ ಹೊರಗೆ ಉಕ್ಕಿ ಅಂಚು ಕೊಳಕಾಗುತ್ತದೆ. ತಟ್ಟೆಗೆ ಜೋಡಿಸಿ, ಚೆನ್ನಾಗಿ ಹಿಂಡಿದ ಒದ್ದೆ ಪೇಪರ್ ಟವೆಲ್ ಹೊದಿಸಿ, ಮೇಲೆ ಪ್ಲಾಸ್ಟಿಕ್ ಸುತ್ತಿ ಫ್ರಿಜ್‌ನಲ್ಲಿಡಿ. ನಾಲ್ಕು ಗಂಟೆ ನಿಲ್ಲುತ್ತದೆ. ಹೊರಗಿಟ್ಟ ಮೇಲೆ ಎರಡು ಗಂಟೆಯೇ ಮಿತಿ. ಜುಲೈನ ಸೆಖೆಯಲ್ಲಿ, 32 ಡಿಗ್ರಿ ದಾಟಿದ ಜಗಲಿಯಲ್ಲಾದರೆ ಒಂದೇ ಗಂಟೆ. ಒಂದೇ ದೊಡ್ಡ ತಟ್ಟೆಯ ಬದಲು ಎರಡು ಸಣ್ಣ ತಟ್ಟೆ ಮಾಡಿ, ಎರಡನೆಯದನ್ನು ಆಮೇಲೆ ತನ್ನಿ.

ಸಿಹಿ ಟೀ ಫ್ರಿಜ್‌ನಲ್ಲಿಟ್ಟರೆ ಬಗ್ಗಡವಾಗುತ್ತದೆ, ಒಗರೂ ಜಾಸ್ತಿ. (ಶಾರ್ಲೆಟ್)

ಕಡು ಡಿಕಾಕ್ಷನ್ ಥಟ್ಟನೆ ತಣ್ಣಗಾದಾಗ ಅದರಲ್ಲಿನ ಕೆಫೀನ್ ಮತ್ತು ಒಗರಿನ ಅಂಶಗಳು ಒಂದಕ್ಕೊಂದು ಅಂಟಿಕೊಂಡು ಮಸುಕಾಗುತ್ತವೆ. ಕೆಟ್ಟಿದೆ ಅಂತಲ್ಲ. ಒಂದು ಲೋಟ ಕುದಿ ನೀರು ಬೆರೆಸಿದರೆ ಬಹುಮಟ್ಟಿಗೆ ತಿಳಿಯಾಗುತ್ತದೆ.

ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರಿಗೆ, ಫ್ಯಾಮಿಲಿ ಸೈಜ್ ಟೀ ಬ್ಯಾಗ್ ನಾಲ್ಕು. ಲುಜಿಯಾನ್, ಲಿಪ್ಟನ್ ಎರಡೂ ಇದಕ್ಕೆಂದೇ ಸಿಗುತ್ತವೆ. ಒಂದು ಲೀಟರ್ ನೀರು ಕುದಿಸಿ ಒಲೆ ಆರಿಸಿ, ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ, ಬ್ಯಾಗ್ ಮುಳುಗಿಸಿ ಮುಚ್ಚಿ. ಹತ್ತು ನಿಮಿಷಕ್ಕೆ ತೆಗೆಯಿರಿ. ನಮ್ಮ ಅಭ್ಯಾಸದಂತೆ ಟೀಯನ್ನು ಒಲೆಯ ಮೇಲೆ ಮರಳಿಸಬೇಡಿ, ಬ್ಯಾಗ್ ಹಿಂಡಲೂ ಬೇಡಿ, ಒಗರು ಬರುವುದೇ ಅಲ್ಲಿಂದ. ಸೋಡಾ ಆ ಒಗರನ್ನು ಮೆತ್ತಗೆ ಮಾಡುತ್ತದೆ, ಆದರೆ ಕಾಲು ಚಮಚ ಮೀರಿದರೆ ಸೋಪಿನ ರುಚಿ. ಒಂದರಿಂದ ಒಂದೂವರೆ ಕಪ್ ಸಕ್ಕರೆಯನ್ನು ಬಿಸಿಯಿರುವಾಗಲೇ ಕರಗಿಸಿ. ತಣ್ಣಗಾದ ಮೇಲೆ ಹಾಕಿದ ಸಕ್ಕರೆ ತಳದಲ್ಲಿ ಕೂರುತ್ತದೆ. ಉಳಿದ ನೀರನ್ನು ತಣ್ಣಗೆ ಬೆರೆಸಿ, ಹೊರಗೇ ಆರಿಸಿ, ಆಮೇಲೆ ಫ್ರಿಜ್. ಜಾಡಿಯನ್ನು ಬಿಸಿಲಿನಲ್ಲಿಟ್ಟು ಇಳಿಸುವ ಪದ್ಧತಿಯೂ ಅಲ್ಲಿದೆ. ಅದು ಬೇಡ, ಸೂಕ್ಷ್ಮಜೀವಿ ಸಾಯುವಷ್ಟು ಬಿಸಿ ಅಲ್ಲಿ ಏರುವುದೇ ಇಲ್ಲ.

ಐಸ್ ಟೀಗೂ ನಮಗೂ ಒಂದು ನಂಟಿದೆ. 1904ರ ಸೇಂಟ್ ಲೂಯಿಸ್ ವಿಶ್ವ ಮೇಳದಲ್ಲಿ ಭಾರತದ ಟೀ ಪ್ರಚಾರಕ್ಕೆ ಬಂದಿದ್ದ ರಿಚರ್ಡ್ ಬ್ಲೆಚಿಂಡನ್ ಸೆಖೆ ತಾಳದ ಜನಕ್ಕೆ ಐಸ್ ಹಾಕಿ ಕೊಟ್ಟು ಇದನ್ನು ಕಂಡುಹಿಡಿದ ಎನ್ನುತ್ತಾರೆ. ಜನಪ್ರಿಯ ಮಾಡಿದ್ದು ಹೌದಿರಬಹುದು, ಕಂಡುಹಿಡಿದದ್ದಂತೂ ಅಲ್ಲ. ಅದಕ್ಕೂ ಮೊದಲೇ ದಕ್ಷಿಣದ ಅಡುಗೆ ಪುಸ್ತಕಗಳಲ್ಲಿ ಐಸ್ ಟೀ ಇತ್ತು. ಬಿಸಿ ಟೀಗೆ ಸ್ಥಳೀಯ ಎಲೆಯೇ ಬೇಕೆಂದರೆ ಚಾರ್ಲ್ಸ್‌ಟನ್ ಬಳಿಯ ವಾಡ್ಮಲಾ ದ್ವೀಪದ ತೋಟದ್ದು ಸಿಗುತ್ತದೆ.

ಬಿಸ್ಕಿಟ್ ಕಲ್ಲಾಗುತ್ತದೆ. ಮಜ್ಜಿಗೆ ಹಾಕಿದರೆ ಹಿಟ್ಟು ಅಂಟುತ್ತದೆ. (ಬರ್ಮಿಂಗ್‌ಹ್ಯಾಮ್, ಅಲಬಾಮಾ)

ಮೊದಲ ತಪ್ಪು ಹಿಟ್ಟಿನದು. ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ 1883ರಲ್ಲಿ ಶುರುವಾದ ವೈಟ್ ಲಿಲಿಯಂಥ ಹಿಟ್ಟು ಮೆದು ಗೋಧಿಯದು, ಪ್ರೋಟೀನ್ ಕಡಿಮೆ, ಹಾಗಾಗಿ ಜಿಗುಟು ಬರುವುದಿಲ್ಲ. ಅದರ ಸೆಲ್ಫ್ ರೈಸಿಂಗ್ ಚೀಲ ಕೊಳ್ಳಿ. ಬೇಕಿಂಗ್ ಪೌಡರ್, ಉಪ್ಪು ಒಳಗೇ ಇರುತ್ತವೆ, ಮತ್ತೆ ಹಾಕಬೇಡಿ. ಎರಡನೆಯದು, ಅಲ್ಲಿನ ಬಟರ್‌ಮಿಲ್ಕ್ ನಮ್ಮ ನೀರುಮಜ್ಜಿಗೆಯಲ್ಲ, ಗಟ್ಟಿ ಹುಳಿ ದ್ರವ. ಮನೆಯದ್ದೇ ಬಳಸುವುದಾದರೆ ಅರ್ಧ ಕಪ್ ಗಟ್ಟಿ ಮೊಸರಿಗೆ ಕಾಲು ಕಪ್ ಹಾಲು ಸೇರಿಸಿ.

ಎರಡು ಕಪ್ ಹಿಟ್ಟಿಗೆ 60 ಗ್ರಾಂ ಐಸ್‌ನಂಥ ಬೆಣ್ಣೆ ತುರಿದು, ಬೆರಳ ತುದಿಯಲ್ಲಿ ಉದುರಾಗಿ ಬೆರೆಸಿ, ಮುಕ್ಕಾಲು ಕಪ್ ಬಟರ್‌ಮಿಲ್ಕ್ ಸುರಿದು ಹತ್ತು ಹದಿನೈದು ಸಲ ಮಾತ್ರ ತಿರುಗಿಸಿ. ಚಪಾತಿ ಹಿಟ್ಟಿನ ಹಾಗೆ ನಾದುವ ಕೈಗೆ ಇಲ್ಲಿ ಕೆಲಸವಿಲ್ಲ. ಮೂರು ಸಲ ಮಡಿಸಿ, ಎರಡು ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ. ಕಟರನ್ನು ನೇರ ಒತ್ತಿ ನೇರ ಎತ್ತಿ. ತಿರುಚಿದರೆ ಅಂಚು ಮುಚ್ಚಿಕೊಂಡು ಒಂದು ಕಡೆ ವಾಲುತ್ತದೆ. ಒಂದಕ್ಕೊಂದು ತಾಗಿಸಿಟ್ಟು 245 ಡಿಗ್ರಿ ಸೆಲ್ಸಿಯಸ್‌ನಲ್ಲಿ 10ರಿಂದ 12 ನಿಮಿಷ. ಹನ್ನೆರಡು ಜನಕ್ಕೆ ಇದರ ಎರಡು ಪಾಲು ಮಾಡಿ.

ಚೀಸ್ ಸ್ಟ್ರಾ ಒತ್ತಲು ಕುಕಿ ಪ್ರೆಸ್ ಕೊಳ್ಳಲೇಬೇಕೆ? (ಅಟ್ಲಾಂಟಾ)

ಬೇಡ. ಊರಿಂದ ತಂದ ಚಕ್ಕುಲಿ ಒರಳು, ನಕ್ಷತ್ರದ ಬಿಲ್ಲೆ ಸಾಕು. 225 ಗ್ರಾಂ ಶಾರ್ಪ್ ಚೆಡ್ಡರ್ ಅನ್ನು ಅತಿ ಸಣ್ಣ ತುರಿಮಣೆಯಲ್ಲಿ ತುರಿಯಿರಿ, ಎಳೆ ದಪ್ಪವಾದರೆ ಬಿಲ್ಲೆಯ ಬಾಯಿ ಕಟ್ಟಿಕೊಳ್ಳುತ್ತದೆ. 115 ಗ್ರಾಂ ಮೆತ್ತಗಿನ ಬೆಣ್ಣೆ, ಒಂದೂವರೆ ಕಪ್ ಸಾದಾ ಮೈದಾ, ಅರ್ಧರ್ಧ ಚಮಚ ಉಪ್ಪು, ಖಾರದ ಪುಡಿ. ಟ್ರೇ ಮೇಲೆ ಉದ್ದಕ್ಕೆ ಗೆರೆ ಎಳೆದಂತೆ ಒತ್ತಿ, ಬೆರಳುದ್ದಕ್ಕೆ ಕತ್ತರಿಸಿ, 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ. ಕರಗಿ ಹರಡಿದರೆ ಬೆಣ್ಣೆ ಬೆಚ್ಚಗಾಗಿದೆ, ಮುಂದಿನ ಟ್ರೇಯನ್ನು ಕಾಲು ಗಂಟೆ ಫ್ರಿಜ್‌ನಲ್ಲಿಟ್ಟು ಬೇಯಿಸಿ. ಆರಿದ ಮೇಲೂ ಮೆತ್ತಗಿದ್ದರೆ ಇನ್ನೂ ಬೆಂದಿಲ್ಲ. ಡಬ್ಬಿಯಲ್ಲಿ ವಾರ ಇರುತ್ತದೆ.

ಮಗಳು ನ್ಯಾಶ್‌ವಿಲ್‌ನಲ್ಲಿ ಕೂಟ ಇಟ್ಟಿದ್ದಾಳೆ, ನಾನೂ ಅಲ್ಲಿರುತ್ತೇನೆ. ಟೀ ಸುರಿಯುವುದು ನನ್ನ ಕೆಲಸ ಎಂದಿದ್ದಾಳೆ. ಅಡುಗೆಮನೆಯ ಚಾಕರಿಯೇ? (ಬೆಂಗಳೂರು)

ಅಲ್ಲವೇ ಅಲ್ಲ, ಅದು ಅಲ್ಲಿ ಮರ್ಯಾದೆಯ ಜಾಗ. ಮನೆಯಾಕೆ ಬಾಗಿಲಲ್ಲಿ ನಿಂತು ಸ್ವಾಗತಿಸುತ್ತಾಳೆ, ಮೇಜಿನ ತುದಿಯಲ್ಲಿ ಕೂತು ಟೀ ಸುರಿಯಲು ತನಗೆ ಬೇಕಾದ ಹಿರಿಯರನ್ನೋ ಆಪ್ತ ಗೆಳತಿಯನ್ನೋ ಕೇಳಿಕೊಳ್ಳುತ್ತಾಳೆ. ಅರ್ಧ ಗಂಟೆಗೊಮ್ಮೆ ಜಾಗ ಬದಲಾಗುತ್ತದೆ.

ನಿಮ್ಮ ಮುಂದೆ ಎರಡು ಪಾತ್ರೆ ಇರಲಿ: ಒಂದರಲ್ಲಿ ಕಡು ಟೀ, ಇನ್ನೊಂದರಲ್ಲಿ ಬರೀ ಬಿಸಿನೀರು. ಕಡುವೋ ತೆಳುವೋ, ಸಕ್ಕರೆ ಎಷ್ಟು, ಹಾಲೋ ನಿಂಬೆಯೋ ಎಂದು ಕೇಳಿ ಬೆರೆಸಿ ಕೊಡಿ. ಹಾಲು ಮತ್ತು ನಿಂಬೆ ಒಂದೇ ಕಪ್‌ಗೆ ಬೀಳದಿರಲಿ, ಒಡೆಯುತ್ತದೆ. ಕಪ್ ಮುಕ್ಕಾಲು ತುಂಬಿದರೆ ಸಾಕು. ಸಂಕೋಚಪಟ್ಟು ಬೇಡ ಎಂದವರಿಗೆ ನಮ್ಮಂತೆ ಮೂರು ಸಲ ಒತ್ತಾಯ ಮಾಡಬೇಡಿ, ಒಂದು ಸಲ ಕೇಳಿದರೆ ಸಾಕು. ಮರುದಿನದಿಂದ ಕೈಬರಹದ ಧನ್ಯವಾದದ ಕಾರ್ಡ್‌ಗಳು ಅಂಚೆಯಲ್ಲಿ ಬರತೊಡಗುತ್ತವೆ. ಅವಕ್ಕೆ ಉತ್ತರ ಬರೆಯಬೇಕಿಲ್ಲ. ಯಾರಾದರೂ ಉಡುಗೊರೆ ತಂದಿದ್ದರೆ ಮಾತ್ರ ಮಗಳು ಅವರಿಗೆ ಬರೆಯಬೇಕು.